ಕಾಲು ಮಡಚಿತು ಅಂತ ಸೀಟು ತಿರುಗಿಸಬೇಡಿ

ಪ್ರಶ್ನೆ: ನನ್ನ ಮಗನಿಗೆ ಈಗ 11 ತಿಂಗಳು. ತೂಕ 9.4 ಕೆ.ಜಿ., ಉದ್ದ 76 ಸೆಂ.ಮೀ. ಅವನು ಹುಟ್ಟಿದಾಗ ಅಣ್ಣ ಜರ್ಮನಿಯಿಂದ ಹಿಡಿಕೆ ಇರುವ ಬಕೆಟ್ ಥರದ ಕಾರ್ ಸೀಟ್ ತಂದುಕೊಟ್ಟಿದ್ದ. ಇದುವರೆಗೂ ಅದರಲ್ಲೇ, ಹಿಂದಕ್ಕೆ ಮುಖ ಮಾಡಿ ಕೂರಿಸುತ್ತಿದ್ದೇವೆ. ಪ್ರತಿ ತಿಂಗಳು ಬೆಂಗಳೂರಿನಿಂದ ಸಕಲೇಶಪುರಕ್ಕೆ, ನನ್ನ ಗಂಡನ ಮನೆಗೆ ಹೋಗಿಬರುತ್ತೇವೆ. ಈಗ ಅವನ ಕಾಲು ಕಾರಿನ ಸೀಟಿಗೆ ತಾಗಿ ಮಡಚಿಕೊಳ್ಳುತ್ತಿದೆ. ಕುಣಿಗಲ್ ದಾಟುವಷ್ಟರಲ್ಲಿ ಅಳು ಶುರು. ‘ಪಾಪುಗೆ ಕಾಲು ಸೊಟ್ಟ ಆಗುತ್ತೆ ಕಣಮ್ಮ, ನನ್ನ ತೊಡೆ ಮೇಲೆ ಕೊಡು’ ಅಂತಾರೆ ಅತ್ತೆ. ಅಂಗಡಿಯಲ್ಲಿ ನೋಡಿದ ದೊಡ್ಡ ಸೀಟಿನ ಪೆಟ್ಟಿಗೆಯ ಮೇಲೆ ‘9–18 ಕೆ.ಜಿ.’ ಎಂದಿತ್ತು. ‘9 ದಾಟಿದೆಯಲ್ಲ, ಅದನ್ನೇ ತಂದು ಮುಂದಕ್ಕೆ ತಿರುಗಿಸಿಬಿಡೋಣ’ ಎನ್ನುತ್ತಾರೆ ನನ್ನವರು. ಅಂಗಡಿಯವರು 0–36 ಕೆ.ಜಿ.ಯ ಒಂದೇ ಸೀಟು ಹನ್ನೆರಡು ವರ್ಷ ಬರುತ್ತದೆ ಎಂದರು. ಪಕ್ಕದ ಮನೆಯವರು ತಮ್ಮ ಹಳೆಯ ಸೀಟು ಕೊಡುತ್ತೇನೆ ಎನ್ನುತ್ತಿದ್ದಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮಗುವನ್ನು ದೊಡ್ಡ ಸೀಟಿಗೆ ಬದಲಿಸುವುದು ಯಾವಾಗ ಎಂಬುದು ಒಂದು, ಮಗುವಿನ ಮುಖವನ್ನು ಮುಂದಕ್ಕೆ ತಿರುಗಿಸುವುದು ಯಾವಾಗ ಎಂಬುದು ಇನ್ನೊಂದು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇವೆರಡೂ ಒಂದೇ ದಿನ ನಡೆದುಹೋಗುತ್ತವೆ, ಏಕೆಂದರೆ ಅಂಗಡಿಯಲ್ಲಿ ಮಾರುವುದೇ ಹಾಗೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಸೀಟು ಹುಡುಕಲು ಇದು ಸರಿಯಾದ ಹೊತ್ತು. ಮುಂದಕ್ಕೆ ತಿರುಗಿಸಲು ಖಂಡಿತ ಅಲ್ಲ.

ಕಾಲಿನಿಂದಲೇ ಶುರುಮಾಡೋಣ. ನನ್ನ ಬಳಿ ಬರುವ ತಾಯಂದಿರಲ್ಲಿ ಹತ್ತರಲ್ಲಿ ಎಂಟು ಜನ ಸೀಟು ಚಿಕ್ಕದಾಯಿತು ಎನ್ನುವುದು ಕಾಲು ನೋಡಿಯೇ. ಕಣ್ಣಿಗೆ ಮೊದಲು ಕಾಣುವುದು ಅದೇ, ನಿಜ. ಆದರೆ ಕಾಲು ತಾಗುವುದು ಸೀಟು ಚಿಕ್ಕದಾದ ಲಕ್ಷಣವಲ್ಲ. ಹಿಮ್ಮುಖವಾಗಿ ಕೂತ ಮಗು ಕಾಲನ್ನು ಮಡಚುತ್ತದೆ, ಅಗಲಿಸುತ್ತದೆ, ಸೀಟಿನ ಬೆನ್ನಿನ ಮೇಲೆ ಎತ್ತಿ ಇಡುತ್ತದೆ. ನಿಮ್ಮ ಅತ್ತೆ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ತೋಟ ಸುತ್ತುವಾಗ ಅವನ ಕಾಲುಗಳು ಹೇಗಿರುತ್ತವೆ ಎಂದು ನೋಡಿ. ಮಂಡಿ ಮಡಚಿ, ತೊಡೆ ಅಗಲಿಸಿ, ಕಪ್ಪೆಯ ಹಾಗೆ. ಆ ಭಂಗಿ ಸೊಂಟದ ಕೀಲಿಗೆ ಒಳ್ಳೆಯದೆಂದು ನಾವು ವೈದ್ಯರೂ ಹೇಳುತ್ತೇವೆ. ಕಾರ್ ಸೀಟಿನಲ್ಲಿ ಅವನು ಕೂರುವುದೂ ಹೆಚ್ಚುಕಡಿಮೆ ಹಾಗೆಯೇ. ಅದರಿಂದ ಕಾಲು ಸೊಟ್ಟಗಾಗುವುದಿಲ್ಲ. ಎರಡು ವರ್ಷದವರೆಗೆ ಮಕ್ಕಳ ಕಾಲು ಸ್ವಲ್ಪ ಬಿಲ್ಲಿನಂತೆ ಬಾಗಿರುವುದು ಸಹಜ, ಅದಕ್ಕೂ ಸೀಟಿಗೂ ಸಂಬಂಧವಿಲ್ಲ.

‘ಗುದ್ದಿದರೆ ಕಾಲು ಮುರಿಯುವುದಿಲ್ಲವೇ’ ಎಂದು ಕೆಲವರು ಕೇಳುತ್ತಾರೆ. ಕಾಲಿಗೆ ಪೆಟ್ಟಾಗುವುದು ಹೆಚ್ಚಾಗಿ ಮುಂದಕ್ಕೆ ಮುಖ ಮಾಡಿ ಕೂತ ಮಕ್ಕಳಿಗೆ. ಗುದ್ದಿದಾಗ ಅವರ ಕಾಲುಗಳು ಹಾರಿ ಮುಂದಿನ ಸೀಟಿನ ಬೆನ್ನಿಗೆ ಬಡಿಯುತ್ತವೆ. ಇನ್ನೊಂದು ಮಾತು. ಕಾಲಿನ ಮೂಳೆ ಮುರಿದರೆ ಕೂಡಿಸಬಹುದು, ಆರು ವಾರ ಪಟ್ಟಿ ಹಾಕಿ ಮಗುವನ್ನು ಮತ್ತೆ ಓಡಿಸಬಹುದು. ಕತ್ತಿನೊಳಗಿನ ಬೆನ್ನುಹುರಿಗೆ ಏಟಾದರೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹೆದ್ದಾರಿ ಪಕ್ಕದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಈ ಎರಡು ಪೆಟ್ಟುಗಳ ನಡುವಿನ ಅಂತರವನ್ನು ತಂದೆತಾಯಿಗೆ ವಿವರಿಸಬೇಕಾಗಿ ಬಂದ ದಿನಗಳನ್ನು ನಾನು ಮರೆತಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಕತ್ತಿಗೆ ಯಾಕೆ ಇಷ್ಟು ಹೆದರಬೇಕು? ‘ನಾಲ್ಕು ತಿಂಗಳಿಗೇ ಕತ್ತು ನಿಂತಿದೆಯಲ್ಲ ಡಾಕ್ಟ್ರೇ’ ಎನ್ನುತ್ತಾರೆ. ನಿಂತಿರುವುದು ಸ್ನಾಯುಗಳ ಬಲದಿಂದ. ಒಳಗಿನ ಮೂಳೆಯ ಕಥೆ ಬೇರೆ. ಹುಟ್ಟಿದ ಮಗುವಿನ ಕತ್ತಿನ ಹೆಚ್ಚಿನ ಮೂಳೆಗಳು ಒಂದೊಂದೂ ಮೂರು ತುಂಡುಗಳಾಗಿದ್ದು, ನಡುವೆ ಮೃದುವಾದ ಮೆಲ್ಲೆಲುಬು ಇರುತ್ತದೆ. ಆ ತುಂಡುಗಳು ಪೂರ್ತಿ ಬೆಸೆದುಕೊಳ್ಳುವ ಹೊತ್ತಿಗೆ ಮಗುವಿಗೆ 3ರಿಂದ 6 ವರ್ಷ ಆಗಿರುತ್ತದೆ. ಮೂಳೆಗಳನ್ನು ಹಿಡಿದಿಡುವ ನಾರುಗಳೂ ಸಡಿಲ. ಇದರ ಮೇಲೆ ತಲೆಯ ಭಾರ ಬೇರೆ. ಹಸುಗೂಸಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ನಮ್ಮ ನಿಮ್ಮಂಥ ದೊಡ್ಡವರಲ್ಲಿ ಅದು ಸುಮಾರು ಎಂಟನೇ ಒಂದು ಭಾಗ.

ಮುಂದಕ್ಕೆ ಮುಖ ಮಾಡಿ ಕೂತ ಮಗು ಇರುವ ಕಾರು ಎದುರಿನದಕ್ಕೆ ಗುದ್ದಿತು ಎಂದುಕೊಳ್ಳಿ. ಪಟ್ಟಿಗಳು ಎದೆಯನ್ನು, ಭುಜವನ್ನು ಹಿಡಿದುಕೊಳ್ಳುತ್ತವೆ. ತಲೆಯನ್ನು ಹಿಡಿಯುವವರು ಯಾರೂ ಇಲ್ಲ. ಅದು ಮುಂದಕ್ಕೆ ಎಸೆಯಲ್ಪಡುತ್ತದೆ, ಎಳೆತವೆಲ್ಲ ಆ ಎಳೆಯ ಕತ್ತಿನ ಮೇಲೆ. ಅದೇ ಮಗು ಹಿಮ್ಮುಖವಾಗಿದ್ದರೆ ಸೀಟಿನ ಗಟ್ಟಿ ಬೆನ್ನು ಅಂಗೈಯಲ್ಲಿ ಹಿಡಿದ ಹಾಗೆ ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ. ಬಲ ಎಲ್ಲ ಕಡೆ ಹರಡಿಹೋಗುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯ ಸಂಶೋಧಕರಿಗೆ ಇದು ಹೊಳೆದದ್ದು ಅಮೆರಿಕದ ಗಗನಯಾತ್ರಿಗಳು ಬೆನ್ನು ಆನಿಸಿ ಮಲಗುವ ಭಂಗಿಯನ್ನು ಗಮನಿಸಿದಾಗ. 1964ರಲ್ಲಿ ವೋಲ್ವೋ ಕಾರಿನಲ್ಲಿ ಮಕ್ಕಳ ಹಿಮ್ಮುಖ ಸೀಟಿನ ಮೊದಲ ಮಾದರಿಯ ಪರೀಕ್ಷೆ ನಡೆಯಿತು. ಆ ದೇಶದಲ್ಲಿ ಇಂದಿಗೂ ಮಕ್ಕಳನ್ನು ನಾಲ್ಕು ವರ್ಷದವರೆಗೆ ಹಿಂದಕ್ಕೆ ಮುಖ ಮಾಡಿ ಕೂರಿಸುವುದೇ ರೂಢಿ.

‘ಹಿಂದಿನಿಂದ ಲಾರಿ ಬಂದು ಗುದ್ದಿದರೆ?’ ಇದು ಅಪ್ಪಂದಿರ ಪ್ರಶ್ನೆ, ನ್ಯಾಯವಾದದ್ದೇ. ಹಿಂದಿನಿಂದ ಗುದ್ದುವ ವಾಹನವೂ ನೀವು ಹೋಗುವ ದಿಕ್ಕಿನಲ್ಲೇ ಬರುತ್ತಿರುವುದರಿಂದ ಹೆಚ್ಚಿನ ಸಲ ಬೀಳುವ ಬಲ ಕಡಿಮೆ. ಜೀವಕ್ಕೆ ಕುತ್ತು ತರುವ ಅಪಘಾತಗಳಲ್ಲಿ ಎದುರಿನಿಂದ ಗುದ್ದುವುದೇ ಹೆಚ್ಚು. ನಮ್ಮ ಹೆದ್ದಾರಿಗಳಲ್ಲಿ ಹಿಂದಿನ ದೀಪವಿಲ್ಲದೆ ಬದಿಗೆ ನಿಲ್ಲಿಸಿದ ಲಾರಿಗೆ ರಾತ್ರಿ ಹೊತ್ತು ಕಾರು ನುಗ್ಗುವುದನ್ನು ಎಷ್ಟು ಕೇಳುತ್ತೇವೆ. ಅದು ಲಾರಿಗೆ ಹಿಂದಿನಿಂದ ಬಿದ್ದ ಪೆಟ್ಟು, ಕಾರಿನಲ್ಲಿರುವ ನಿಮಗೆ ಮುಂದಿನಿಂದ ಬಿದ್ದ ಪೆಟ್ಟು.

ಇನ್ನು ನಿಮ್ಮ ಯಜಮಾನರು ನೋಡಿದ ‘9–18 ಕೆ.ಜಿ.’ ಎಂಬ ಅಕ್ಷರಗಳು. ಇವು ಯುರೋಪಿನ ಹಳೆಯ ನಿಯಮವಾದ ಆರ್44ರ ಗುಂಪುಗಳು. ನಮ್ಮ ದೇಶದ ಎಐಎಸ್-072 ಮಾನದಂಡವೂ ಅದನ್ನೇ ಅನುಸರಿಸಿ ಬಂದದ್ದು. ಅದರ ಪ್ರಕಾರ ನಿಮ್ಮ ಬಕೆಟ್ ಸೀಟು 13 ಕೆ.ಜಿ.ವರೆಗಿನ ‘0+’ ಗುಂಪಿಗೆ ಸೇರಿದ್ದು ಇರಬೇಕು, ಮುಂದಿನದು 9ರಿಂದ 18 ಕೆ.ಜಿ.ಯ ಗುಂಪು. ಇಲ್ಲಿ 9 ಎನ್ನುವುದು ‘ಇದಕ್ಕಿಂತ ಕಡಿಮೆ ಇರುವ ಮಗುವನ್ನು ಕೂರಿಸಲೇಬೇಡಿ’ ಎನ್ನುವ ಗಡಿ. 9 ಆದ ಕೂಡಲೇ ಕೂರಿಸಿ ಎಂದಲ್ಲ. 9ಕ್ಕೂ 13ಕ್ಕೂ ನಡುವೆ ಎರಡೂ ಸೀಟು ನಡೆಯುತ್ತದೆ ಎಂದು ಪೆಟ್ಟಿಗೆ ಹೇಳುವಾಗ, ಹಿಮ್ಮುಖದ್ದನ್ನೇ ಆರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ 11 ತಿಂಗಳ ಗಂಡುಮಗುವಿನ ನಡುಮಟ್ಟದ ತೂಕ ಸರಿಯಾಗಿ ನಿಮ್ಮ ಮಗನದ್ದೇ, 9.4 ಕೆ.ಜಿ. ಅದೇ ಪಟ್ಟಿಯಂತೆ 13 ಕೆ.ಜಿ. ಮುಟ್ಟಲು ಸುಮಾರು ಎರಡೂವರೆ ವರ್ಷ ಬೇಕು. ಅಂದರೆ ತೂಕದ ಲೆಕ್ಕದಲ್ಲಿ ನಿಮಗೆ ಇನ್ನೂ ಒಂದೂವರೆ ವರ್ಷ ಇದೆ. ಬಕೆಟ್ ಸೀಟಿನಲ್ಲಿ ಮಗು ಮೊದಲು ಮೀರುವುದು ಉದ್ದವನ್ನು.

ತೂಕ ನೋಡಿ ಗಡಿಬಿಡಿಯಲ್ಲಿ ತಿರುಗಿಸುವ ಈ ತಪ್ಪು ಯುರೋಪಿನಲ್ಲೂ ಆಗುತ್ತಿತ್ತು. 2013ರಲ್ಲಿ ಜಾರಿಗೆ ಬಂದ ಹೊಸ ನಿಯಮ ಆರ್129 ತೂಕದ ಬದಲು ಎತ್ತರದ ಲೆಕ್ಕ ಹಿಡಿಯಿತು. 15 ತಿಂಗಳು ತುಂಬುವ ತನಕ ಹಿಮ್ಮುಖ ಕಡ್ಡಾಯ ಎಂದಿತು. ಪಕ್ಕದಿಂದ ಗುದ್ದುವ ಪರೀಕ್ಷೆಯನ್ನೂ ಸೇರಿಸಿತು. 15 ತಿಂಗಳು ಎನ್ನುವುದೂ ಕನಿಷ್ಠ ಗಡಿಯೇ, ಗುರಿಯಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲು ‘ಎರಡು ವರ್ಷದವರೆಗೆ’ ಎನ್ನುತ್ತಿತ್ತು. 2018ರಲ್ಲಿ ಆ ವಯಸ್ಸಿನ ಮಾತನ್ನೇ ತೆಗೆದು, ಸೀಟು ಅನುಮತಿಸುವ ಗರಿಷ್ಠ ತೂಕ ಅಥವಾ ಎತ್ತರ ಮುಟ್ಟುವ ತನಕ ಹಿಮ್ಮುಖವಾಗಿಯೇ ಕೂರಿಸಿ ಎಂದಿತು. ನಾನು ಹೇಳುವುದೂ ಅದನ್ನೇ.

ಹಾಗಾದರೆ ಬಕೆಟ್ ನಿಜಕ್ಕೂ ಚಿಕ್ಕದಾಯಿತು ಎಂದು ತಿಳಿಯುವುದು ಹೇಗೆ? ಇವತ್ತೇ ಮನೆಯಲ್ಲಿ ಅವನನ್ನು ಸೀಟಿನಲ್ಲಿ ಕೂರಿಸಿ, ಬೆನ್ನು ಚೆನ್ನಾಗಿ ಒರಗಿಸಿ, ಪಟ್ಟಿ ಬಿಗಿದು ಪಕ್ಕದಿಂದ ನೋಡಿ. ನೆತ್ತಿಯಿಂದ ಸೀಟಿನ ಗಟ್ಟಿ ಅಂಚಿನವರೆಗೆ ಕನಿಷ್ಠ 2.5 ಸೆಂ.ಮೀ., ಅಂದಾಜು ಒಂದು ಹೆಬ್ಬೆರಳಿನ ಅಗಲ ಉಳಿದಿರಬೇಕು. ಅಷ್ಟು ಉಳಿದಿಲ್ಲವಾದರೆ ಬದಲಿಸುವ ಹೊತ್ತು ಬಂದಿದೆ. ಇನ್ನೊಂದು ಗುರುತು ಭುಜ. ಹಿಮ್ಮುಖ ಸೀಟಿನಲ್ಲಿ ಪಟ್ಟಿ ಹೊರಬರುವ ಕಿಂಡಿ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಬೇಕು. ಎಲ್ಲಕ್ಕಿಂತ ಮೇಲಿನ ಕಿಂಡಿಗೆ ಏರಿಸಿದರೂ ಪಟ್ಟಿ ಭುಜಕ್ಕಿಂತ ತೀರಾ ಕೆಳಗಿನಿಂದ ಬಂದು ಭುಜವನ್ನು ಕೆಳಕ್ಕೆ ಜಗ್ಗುತ್ತಿದ್ದರೆ ಮಗು ಆ ಸೀಟನ್ನು ದಾಟಿದೆ ಎಂದೇ ಅರ್ಥ. ಮುಮ್ಮುಖ ಸೀಟಿಗೆ ಈ ಲೆಕ್ಕ ತಿರುಗುಮುರುಗು, ಅಲ್ಲಿ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿನಿಂದ ಬರಬೇಕು. ಕೊನೆಗೆ ಸೀಟಿನ ಮೇಲೆ ಅಂಟಿಸಿದ ಚೀಟಿಯಲ್ಲಿರುವ ತೂಕ. ಈ ಮೂರರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕಕ್ಕೆ. 76 ಸೆಂ.ಮೀ. ಉದ್ದದ ಮಗುವಿಗೆ ಬಕೆಟ್‌ನಲ್ಲಿ ಒಂದೆರಡು ತಿಂಗಳ ಜಾಗ ಉಳಿದಿರಬಹುದು, ಇಲ್ಲದೆಯೂ ಇರಬಹುದು. ಅದನ್ನು ನಾನು ದೂರದಿಂದ ಹೇಳಲಾರೆ, ಆ ಹೆಬ್ಬೆರಳೇ ಹೇಳಬೇಕು.

ಅಳುವಿನ ಬಗ್ಗೆ. ಪತ್ರ ಓದುವಾಗಲೇ ನನಗೊಂದು ಅನುಮಾನ ಬಂತು. ಹಸುಗೂಸಿಗೆಂದು ಸೀಟಿನೊಳಗೆ ಇಟ್ಟಿರುವ ಪುಟ್ಟ ಮೆತ್ತೆಯನ್ನು ತೆಗೆದಿದ್ದೀರಾ? ಹೆಚ್ಚಿನ ಸೀಟುಗಳಲ್ಲಿ ಅದು ಮೊದಲ ಕೆಲವು ತಿಂಗಳಿಗೆ ಮಾತ್ರ. ಅದನ್ನು ಅಲ್ಲೇ ಬಿಟ್ಟು ‘ಇಕ್ಕಟ್ಟಾಗಿದೆ’ ಎಂದು ಬಂದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪಟ್ಟಿ ಹುಟ್ಟಿದಾಗ ಹಾಕಿದ ಕೆಳಗಿನ ಕಿಂಡಿಯಲ್ಲೇ ಇದೆಯೇ ಎಂದೂ ನೋಡಿ. ಆಮೇಲೆ ಬಿಸಿಲು. ಬೆಳಗ್ಗೆ ಹತ್ತಕ್ಕೆ ಹೊರಟು ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂರಿಸಿದರೆ ಬೆನ್ನೆಲ್ಲ ಬೆವರುತ್ತದೆ. ಹಿಮ್ಮುಖ ಸೀಟಿನ ಒಳಗೆ ಏಸಿಯ ಗಾಳಿ ಅಷ್ಟಾಗಿ ತಲುಪುವುದಿಲ್ಲ. ಕಿಟಕಿಗೆ ನೆರಳು ಮಾಡಿ, ತೆಳು ಹತ್ತಿ ಬಟ್ಟೆ ಹಾಕಿ. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಅವನನ್ನು ಹೊರಗೆತ್ತಿ ಕೈಕಾಲು ಆಡಿಸಲು ಬಿಡಿ. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಮಗು ಇರಬಾರದು. ಮನೆ ತಲುಪಿದ ಮೇಲೆ ‘ನಿದ್ದೆ ಮಾಡ್ತಿದೆ, ಎಬ್ಬಿಸೋದು ಬೇಡ’ ಎಂದು ಬಕೆಟ್‌ನಲ್ಲೇ ಬಿಡುವುದೂ ಬೇಡ. ತಲೆ ಎದೆಗೆ ಬಾಗಿ ಉಸಿರಾಟಕ್ಕೆ ತೊಂದರೆಯಾಗುವುದುಂಟು. ಹಿಮ್ಮುಖ ಕೂತರೆ ವಾಂತಿ ಆಗುತ್ತದೆ ಎನ್ನುವವರಿಗೂ ಒಂದು ಮಾತು: ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಅಪರೂಪ. ಶಿರಾಡಿ ಘಾಟಿ ಇಳಿಯುವಾಗ ಕಷ್ಟಪಡುವುದು ಸ್ವಲ್ಪ ದೊಡ್ಡ ಮಕ್ಕಳು.

ಈಗ ಅತ್ತೆಯವರ ತೊಡೆ. ಮಗುವನ್ನು ಎದೆಗಪ್ಪಿಕೊಳ್ಳುವುದಕ್ಕಿಂತ ದೊಡ್ಡ ರಕ್ಷಣೆ ಇಲ್ಲ ಎಂದು ಅವರಿಗೆ ಅನ್ನಿಸುವುದು ಪ್ರೀತಿಯಿಂದ. ಅದನ್ನು ಜಗಳದ ವಿಷಯ ಮಾಡಬೇಡಿ, ಲೆಕ್ಕ ಮಾತ್ರ ಹೇಳಿ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಮಗುವನ್ನು ಹಿಡಿದಿಡಲು ಬೇಕಾದ ಬಲ ಅದರ ತೂಕದ ಸರಾಸರಿ 14 ಪಟ್ಟು. ನಿಮ್ಮ ಮಗ ಆ ಕ್ಷಣದಲ್ಲಿ 130 ಕೆ.ಜಿ. ಆಗುತ್ತಾನೆ. ಕಾಫಿ ತೋಟದ ಮನೆಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, 50 ಕೆ.ಜಿ.ಯ ಎರಡೂವರೆ ಮೂಟೆ. ಅದನ್ನು ಯಾರ ತೋಳೂ ಹಿಡಿಯಲಾರದು. ಜೊತೆಗೆ ಬೆಲ್ಟ್ ಹಾಕದ ಅಜ್ಜಿಯ ಭಾರವೂ ಹಿಂದಿನಿಂದ ಮಗುವಿನ ಮೇಲೇ ಬೀಳುತ್ತದೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿದರಂತೂ ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ಅತ್ತೆಯವರನ್ನು ಮಗುವಿನ ಪಕ್ಕದಲ್ಲೇ ಕೂರಿಸಿ, ಅವರಿಗೂ ಬೆಲ್ಟ್ ಹಾಕಿ. ಮಗು ಅವರ ಮುಖ ನೋಡುತ್ತಾ, ಬೆರಳು ಹಿಡಿದುಕೊಂಡು ಕೂರಬಹುದು. ನನ್ನ ಅನುಭವದಲ್ಲಿ ಅರ್ಧ ಅಳು ಇದರಿಂದಲೇ ನಿಲ್ಲುತ್ತದೆ. ಕಾನೂನಿನ ಮಾತೂ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ. ಯಾವ ಸೀಟು, ಯಾವ ಕಡೆ ಮುಖ ಎಂದು ಆ ಕಲಮು ಹೇಳುವುದಿಲ್ಲ. ಅದನ್ನು ನಾವೇ ತಿಳಿದು ಮಾಡಬೇಕು.

ಕೊಳ್ಳುವ ವಿಷಯಕ್ಕೆ ಬರೋಣ. ನಿಮಗೆ ಬೇಕಾಗಿರುವುದು ಎರಡೂ ಕಡೆಗೆ ಕೂರಿಸಬಹುದಾದ, ‘ಕನ್ವರ್ಟಿಬಲ್’ ಎನ್ನುವ ಸೀಟು. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ವರ್ಷ ಬರುತ್ತದೆ’ ಎಂದಲ್ಲ, ‘ಹಿಮ್ಮುಖವಾಗಿ ಎಷ್ಟರವರೆಗೆ ಬರುತ್ತದೆ’ ಎಂದು. ನೋಡಲು ಒಂದೇ ಥರ ಇರುವ ಸೀಟುಗಳಲ್ಲಿ ಕೆಲವು ಹಿಮ್ಮುಖವಾಗಿ 10 ಕೆ.ಜಿ.ಗೇ ನಿಲ್ಲುತ್ತವೆ, ನಿಮಗೆ ಅದು ಎರಡೇ ತಿಂಗಳು. ಕೆಲವು 13, ಕೆಲವು 18 ಕೆ.ಜಿ.ವರೆಗೆ ಬರುತ್ತವೆ. ಆರ್129ರ ಕೆಲವು ಸೀಟುಗಳು 105 ಸೆಂ.ಮೀ. ಎತ್ತರದವರೆಗೂ ಹಿಮ್ಮುಖ ಒಪ್ಪುತ್ತವೆ, ಅಂದರೆ ಸುಮಾರು ನಾಲ್ಕು ವರ್ಷ. ಕೈಗೆಟುಕಿದರೆ ಅದೇ ಒಳ್ಳೆಯದು. ಇಲ್ಲವಾದರೆ 13 ಕೆ.ಜಿ.ಯದ್ದೂ ನಿಮ್ಮನ್ನು ಎರಡು ವರ್ಷ ದಾಟಿಸುತ್ತದೆ, ಬೇಸರ ಬೇಡ.

0–36 ಕೆ.ಜಿ.ಯ ಸೀಟು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ಅಂಗಿಯನ್ನು ಹನ್ನೆರಡು ವರ್ಷ ತೊಡಿಸಲು ಹೊರಟರೆ ಯಾವ ವಯಸ್ಸಿಗೂ ಅದು ಮೈಗೆ ಸರಿಯಾಗಿ ಕೂರುವುದಿಲ್ಲ. ಇಂಥ ಸೀಟು ಹಲವು ಸಲ ದೊಡ್ಡದು, ಭಾರದ್ದು. ಚಿಕ್ಕ ಮಗುವಿಗೆ ಬೇಕಾದಷ್ಟು ಒರಗುವುದಿಲ್ಲ, ದೊಡ್ಡ ಮಗುವಾದಾಗ ತಲೆಗೆ ಬೇಕಾದಷ್ಟು ಏರುವುದಿಲ್ಲ. ಪ್ಲಾಸ್ಟಿಕ್ಕಿಗೂ ಆಯಸ್ಸಿದೆ. ಬಹುತೇಕ ತಯಾರಕರು ಆರರಿಂದ ಹತ್ತು ವರ್ಷ ಎನ್ನುತ್ತಾರೆ, ನಮ್ಮ ಬಿಸಿಲಲ್ಲಿ ನಿಲ್ಲುವ ಕಾರಿನೊಳಗೆ ನಾನು ಹತ್ತನ್ನು ನಂಬುವುದಿಲ್ಲ. ಆನ್‌ಲೈನಿನಲ್ಲಿ ಕಾರ್ ಸೀಟ್ ಎಂಬ ಹೆಸರಲ್ಲೇ ಸಿಗುವ, ಗಟ್ಟಿ ಬೆನ್ನೇ ಇಲ್ಲದ ಬಟ್ಟೆ ಮೆತ್ತೆ ಮತ್ತು ನಾಲ್ಕು ಪಟ್ಟಿಯ ವಸ್ತುವಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ‘ಇ’ ಅಕ್ಷರ ವೃತ್ತದೊಳಗಿರುವ ಅನುಮೋದನೆಯ ಚೀಟಿ ಅಥವಾ ಎಐಎಸ್-072ರ ಗುರುತು ಸೀಟಿನ ಮೇಲೇ ಇರಬೇಕು, ಬರೀ ಪೆಟ್ಟಿಗೆಯ ಮೇಲಲ್ಲ.

ಕಾರನ್ನು ಅಂಗಡಿಗೇ ತೆಗೆದುಕೊಂಡು ಹೋಗಿ, ಕಟ್ಟಿ ನೋಡಿಯೇ ದುಡ್ಡು ಕೊಡಿ. ಇದು ಬಹಳ ಮುಖ್ಯ. ಚಿಕ್ಕ ಕಾರಿನಲ್ಲಿ ಹಿಮ್ಮುಖದ ದೊಡ್ಡ ಸೀಟು ಹಾಕಿದರೆ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ಸರಿಸಬೇಕಾಗುತ್ತದೆಂದರೆ ಅಲ್ಲಿ ಎತ್ತರದವರು ಕೂರಲಾಗುವುದಿಲ್ಲ. ಕೆಲವು ಕಾರುಗಳ ಹಿಂದಿನ ಬೆಲ್ಟ್, ಸೀಟನ್ನು ಸುತ್ತಿ ಬರುವಷ್ಟು ಉದ್ದವೇ ಇರುವುದಿಲ್ಲ. ನಡುವಿನ ಜಾಗದಲ್ಲಿ ಸೊಂಟದ ಬೆಲ್ಟ್ ಮಾತ್ರ ಇದ್ದರೆ ಅಲ್ಲಿ ಕಟ್ಟಬೇಡಿ. ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ಬೆಲ್ಟ್ ಇಲ್ಲದೆ ಕಾರಿಗೇ ನೇರವಾಗಿ ಸಿಕ್ಕಿಸುವ ಕೊಂಡಿ, ಸಾಮಾನ್ಯವಾಗಿ ಹಿಂದಿನ ಎರಡು ಬದಿಯ ಸೀಟುಗಳಲ್ಲಿ ಇರುತ್ತದೆ. ಇದ್ದರೆ ಅದನ್ನೇ ಬಳಸಿ, ತಪ್ಪು ಕಟ್ಟುವ ಸಾಧ್ಯತೆ ಕಡಿಮೆ. ಕಟ್ಟಿದ ಮೇಲೆ ಸೀಟಿನ ಬುಡ ಹಿಡಿದು ಅಲ್ಲಾಡಿಸಿ, 2.5 ಸೆಂ.ಮೀ.ಗಿಂತ ಹೆಚ್ಚು ಜರುಗಬಾರದು. ಮಗುವಿನ ಭುಜದ ಬಳಿ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕಿದರೆ ಇನ್ನೂ ಸಡಿಲ ಇದೆ ಎಂದರ್ಥ. ಡಿಸೆಂಬರಿನಲ್ಲಿ ಸಕಲೇಶಪುರದ ಚಳಿಗೆ ದಪ್ಪ ಸ್ವೆಟರ್ ಹಾಕಿ ಪಟ್ಟಿ ಬಿಗಿಯುವುದು ಬೇಡ. ತೆಳು ಬಟ್ಟೆಯಲ್ಲಿ ಪಟ್ಟಿ ಬಿಗಿದು, ಮೇಲೆ ಹೊದಿಕೆ ಹೊದಿಸಿ. ಮುಂದೆ ಏರ್‌ಬ್ಯಾಗ್ ಇರುವ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಯಾವ ಕಾರಣಕ್ಕೂ, ಹತ್ತಿರದ ಮೆಡಿಕಲ್ ಸ್ಟೋರಿಗೆ ಹೋಗುವಾಗಲೂ, ಇಡಬೇಡಿ. ಏರ್‌ಬ್ಯಾಗ್ ಉಬ್ಬಿ ಬಡಿಯುವುದು ಮಗುವಿನ ತಲೆಯ ಹಿಂಭಾಗಕ್ಕೇ.

ಪಕ್ಕದ ಮನೆಯವರ ಸೀಟನ್ನು ತೆಗೆದುಕೊಳ್ಳಬಾರದೆಂದೇನಿಲ್ಲ. ಅವರು ನಿಮಗೆ ಗೊತ್ತಿರುವವರು, ಅದೇ ದೊಡ್ಡ ಅನುಕೂಲ. ಆ ಸೀಟು ಇದ್ದ ಕಾರು ಎಂದಾದರೂ ಅಪಘಾತಕ್ಕೆ ಸಿಕ್ಕಿತ್ತೇ ಎಂದು ನೇರವಾಗಿ ಕೇಳಿ. ಸಿಕ್ಕಿದ್ದರೆ ಬೇಡ, ಹೊರಗೆ ಬಿರುಕು ಕಾಣದಿದ್ದರೂ ಬೇಡ. ಸೀಟನ್ನು ಮಗುಚಿ ನೋಡಿದರೆ ಪ್ಲಾಸ್ಟಿಕ್ಕಿನ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಪಟ್ಟಿಯ ಅಂಚು ಹರಿದಿರಬಾರದು, ಬಕಲ್ ‘ಟಕ್’ ಎಂದು ಕೂರಬೇಕು, ಹೇಗೆ ಕಟ್ಟಬೇಕೆಂಬ ಪುಸ್ತಕ ಜೊತೆಗಿರಬೇಕು. ಇಷ್ಟೆಲ್ಲ ಸರಿಯಿದ್ದು, ಹಿಮ್ಮುಖವಾಗಿ 13 ಕೆ.ಜಿ. ಅಥವಾ ಹೆಚ್ಚು ಒಪ್ಪುವ ಸೀಟಾದರೆ ಧಾರಾಳವಾಗಿ ತನ್ನಿ. ಅದು ಮುಮ್ಮುಖವಾಗಿ ಮಾತ್ರ ಕೂರಿಸುವ 9–18ರ ಸೀಟಾಗಿದ್ದರೆ ಥ್ಯಾಂಕ್ಸ್ ಹೇಳಿ, ಸದ್ಯಕ್ಕೆ ಬೇಡ ಎನ್ನಿ.

ಹೊಸ ಸೀಟು ಬಂದ ಮೇಲೆ ಅದನ್ನು ಒಂದೆರಡು ದಿನ ಹಾಲ್‌ನಲ್ಲೇ ಇಟ್ಟು ಅವನು ಹತ್ತಿ ಇಳಿದು ಆಡಲಿ. ಮೊದಲ ಸವಾರಿ ಹತ್ತು ನಿಮಿಷದ್ದಿರಲಿ, ನೇರ ಸಕಲೇಶಪುರಕ್ಕೇ ಬೇಡ. ಆ ಹೊತ್ತಿಗೆ ಬಕೆಟ್‌ನಲ್ಲಿ ಹೆಬ್ಬೆರಳಿನಷ್ಟು ಜಾಗ ಇನ್ನೂ ಉಳಿದಿದ್ದರೆ ಈ ತಿಂಗಳ ಪ್ರಯಾಣವನ್ನು, ಒಳಮೆತ್ತೆ ತೆಗೆದು, ಅದರಲ್ಲೇ ಮುಗಿಸಿ.